ಎರಡಕ್ಕೆ ಹೋಗಲು ಯಾರ ಅಪ್ಪಣೆ?

‘ಟಾಯ್ಲೆಟ್ ಅಭ್ಯಾಸ ಆಗಿದ್ದರೆ ಮಾತ್ರ ಸೇರಿಸಿಕೊಳ್ಳುತ್ತೇವೆ’ ಎನ್ನುವ ಶಾಲೆಗಳು ನಮ್ಮಲ್ಲಿವೆ. ಸೇರಿಸಿಕೊಂಡ ಮೇಲೂ ಮಗು ಚಡ್ಡಿಯಲ್ಲೇ ಮಾಡಿಕೊಂಡರೆ ಮನೆಗೆ ಫೋನು ಬರುತ್ತದೆ: ಬಂದು ಕರಕೊಂಡು ಹೋಗಿ. 40 ಮಕ್ಕಳ ಮಧ್ಯೆ ಒಬ್ಬನ ಬಟ್ಟೆ ಬದಲಿಸುತ್ತ ಕೂರಲು ಶಿಕ್ಷಕಿಗೆ ಆಗುತ್ತದೆಯೇ ಎಂದು ಇದನ್ನು ಸಮರ್ಥಿಸುವವರು ಬಹಳ ಮಂದಿ. ಶಿಕ್ಷಕಿಯ ಕಷ್ಟ ಸುಳ್ಳಲ್ಲ. ಅದಕ್ಕೆ ಆಯಾ ಒಬ್ಬರನ್ನು ನೇಮಿಸಬೇಕೇ ಹೊರತು ಮಗುವನ್ನು ಹೊರಗೆ ಹಾಕುವುದಲ್ಲ.

ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಇರುವುದು ಬಹಳ ಕಾಲದ ಮಲಬದ್ಧತೆ. ಒಮ್ಮೆ ಗಟ್ಟಿಯಾಗಿ ಹೋಗಿ ನೋವಾದರೆ ಮಗು ಹೆದರಿ ತಡೆದುಕೊಳ್ಳುತ್ತದೆ. ತಡೆದಷ್ಟೂ ಗುದನಾಳ ಹಿಗ್ಗುತ್ತದೆ, ಅವಸರವಾದದ್ದು ತಿಳಿಯುವುದೇ ಕಡಿಮೆಯಾಗುತ್ತದೆ. ಕಡೆಗೆ ಒಳಗೆ ಕೂತ ಗಟ್ಟಿ ಮಲದ ಪಕ್ಕದಿಂದ ನೀರಾದದ್ದು ತಾನಾಗಿ ಸೋರುತ್ತದೆ. ನೋಡಿದವರು ಸೋಮಾರಿ, ಗಲೀಜು ಎನ್ನುತ್ತಾರೆ. ಮಗುವಿಗೆ ಸೋರಿದ್ದೇ ಗೊತ್ತಿರುವುದಿಲ್ಲ. ನೀರಿಲ್ಲದ, ಚಿಲಕವಿಲ್ಲದ ಶೌಚಾಲಯ ಮತ್ತು ‘ಈಗಷ್ಟೇ ಬೆಲ್ ಆಯ್ತಲ್ಲ, ಕೂತ್ಕೋ’ ಎನ್ನುವ ಗದರಿಕೆ ಮಕ್ಕಳಿಗೆ ತಡೆದುಕೊಳ್ಳುವುದನ್ನೇ ಕಲಿಸುತ್ತವೆ. ಅಂದರೆ ಯಾವ ತೊಂದರೆಗಾಗಿ ಶಾಲೆ ಮಗುವನ್ನು ದೂರುತ್ತದೋ ಅದನ್ನು ಬೆಳೆಸುವುದರಲ್ಲಿ ಶಾಲೆಯ ಪಾಲೂ ಇದೆ.

ಕೆಲವು ಮಕ್ಕಳಿಗೆ ತೊಂದರೆ ಹುಟ್ಟಿನಿಂದಲೇ ಬಂದಿರುತ್ತದೆ. ಹಿರ್ಷ್‌ಸ್ಪ್ರುಂಗ್ ಕಾಯಿಲೆಯಲ್ಲಿ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇರುವುದಿಲ್ಲ. ಆ ಭಾಗ ಸಡಿಲವಾಗದೆ ಮಲ ಮೇಲೆಯೇ ನಿಲ್ಲುತ್ತದೆ. ಸುಮಾರು 5,000 ಶಿಶುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ನನ್ನ ಮಗನಿಗೂ ಇದೇ ಆಗಿತ್ತು. ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಸವರಿ ಗುದದಲ್ಲಿ ಇಟ್ಟರೆ ಅಷ್ಟು ಹೊತ್ತಿಗೆ ಹೊಟ್ಟೆ ಇಳಿಯುತ್ತಿತ್ತು, ಎಲ್ಲರೂ ಸಮಾಧಾನಪಡುತ್ತಿದ್ದರು, ಕಾಯಿಲೆ ಒಳಗೇ ಉಳಿಯುತ್ತಿತ್ತು. ಬಾಣಂತನದಲ್ಲಿ ನಾನು ಏನೋ ತಿಂದದ್ದೇ ಕಾರಣ ಎಂಬ ಮಾತನ್ನೂ ಕೇಳಿದ್ದೇನೆ.

ಕಾಯಿಲೆ ಗೊತ್ತಾದ ಮೇಲೆ ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲಿನ ಬದುಕನ್ನು ಹೇಳಿಕೊಟ್ಟವರು ವೈದ್ಯರಲ್ಲ, ಒಪಿಡಿ ಮುಂದಿನ ಬೆಂಚಿನ ಮೇಲೆ ಸಿಕ್ಕ ಹಾಸನ ಕಡೆಯ ಒಬ್ಬ ತಾಯಿ. ಕರುಳು ತೊಳೆಯುವುದನ್ನು ಹೇಳಿಕೊಡುತ್ತ, ‘ಸಲೈನ್ ಬಾಟ್ಲೀನ ಬಿಸಿನೀರಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡ್ಕಳಿ ಅಕ್ಕ, ತಣ್ಣಗಿದ್ರೆ ಮಗ ಸೆಟೆದುಕೊಳ್ತದೆ’ ಎಂದರು. ಎಡಮಗ್ಗುಲಿಗೆ ಮಲಗಿಸಿ ಟ್ಯೂಬು ಹಾಕುವುದನ್ನು ತಮ್ಮ ಮಗಳನ್ನೇ ಬೆಂಚಿನ ಮೇಲೆ ಮಲಗಿಸಿ ತೋರಿಸಿದರು. ಶಾಲೆಯ ಬ್ಯಾಗಿನ ತಳದಲ್ಲಿ ಯೂನಿಫಾರ್ಮಿನ ಬಣ್ಣದ್ದೇ ಇನ್ನೊಂದು ಚಡ್ಡಿ ಇಡಿ, ಬದಲಿಸಿದ್ದು ಯಾರಿಗೂ ತಿಳಿಯಲ್ಲ ಎಂದರು. ಹೊಟ್ಟೆ ಉಬ್ಬಿ, ಜ್ವರ ಬಂದು, ನಾರುವ ಭೇದಿಯಾದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ ಎಂದರು. ಈ ಕಾಯಿಲೆಯಲ್ಲಿ ಕರುಳಿನ ಉರಿಯೂತ ಆಪರೇಷನ್ ಆದಮೇಲೂ ಬರಬಹುದು, ಜೀವ ತೆಗೆಯಬಹುದು. ಇಷ್ಟು ಮುಖ್ಯವಾದ ತಿಳಿವಳಿಕೆ ಒಂದು ಬೆಂಚಿನ ಆಕಸ್ಮಿಕ ಭೇಟಿಯನ್ನು ನಂಬಿಕೊಂಡಿರುವುದು ಅನ್ಯಾಯ.

ಪೋಷಕರನ್ನು ಒಟ್ಟುಸೇರಿಸಿದರೆ ತಪ್ಪು ಸಲಹೆ ಹಬ್ಬುತ್ತದೆ ಎನ್ನುವ ವೈದ್ಯರಿದ್ದಾರೆ. ಹಾಗಿದ್ದರೆ ನರ್ಸ್ ಒಬ್ಬರು ಜೊತೆಗೆ ಕೂರಲಿ. ನಮ್ಮನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸಿದಾಗ ನಾವು ಕೇಳುವುದು ಅಕ್ಕಪಕ್ಕದವರ ಮಾತನ್ನೇ, ಅಲ್ಲಿ ತಪ್ಪು ಸಲಹೆ ಇನ್ನೂ ಹೆಚ್ಚು. ಮಕ್ಕಳ ಶಸ್ತ್ರಚಿಕಿತ್ಸೆ ಮಾಡುವ ಪ್ರತಿ ಆಸ್ಪತ್ರೆಯೂ ತಿಂಗಳಿಗೊಂದು ದಿನ ಇಂಥ ಕುಟುಂಬಗಳಿಗೆ ಒಂದು ಕೋಣೆ ಬಿಟ್ಟುಕೊಡಬೇಕು. ಹಳಬರು ಹೊಸಬರಿಗೆ ಹೇಳಿಕೊಡುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಹೀಗೆ ಎಂಬ ನಾಚಿಕೆ ಅಲ್ಲಿ ಮೊದಲ ದಿನವೇ ಅರ್ಧ ಕರಗುತ್ತದೆ.

ಕಾನೂನಿನಲ್ಲೂ ನಮಗೆ ಜಾಗ ಕಡಿಮೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಕರುಳಿನ ತೊಂದರೆಯ ಹೆಸರಿಲ್ಲ. ಆದರೂ ಶಾಲೆಗಳು ಕೈತೊಳೆದುಕೊಳ್ಳುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯಂತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಇಡೀ ತರಗತಿ ಮೂಗು ಮುಚ್ಚಿಕೊಂಡು ನೋಡುತ್ತಿರುವಾಗ ಮಗುವನ್ನು ಬಾಗಿಲ ಬಳಿ ನಿಲ್ಲಿಸುವುದು ಕಿರುಕುಳವಲ್ಲದೆ ಇನ್ನೇನು? ಎಲ್ಲ ಶಾಲೆಗಳಲ್ಲೂ ಶೌಚಾಲಯ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲೇ ಆದೇಶಿಸಿದೆ. ಕಟ್ಟಿದ ಶೌಚಾಲಯಕ್ಕೆ ಬೀಗ ಹಾಕಿದರೆ ಆ ಆದೇಶ ಯಾರಿಗಾಗಿ?

ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ವೈದ್ಯರ ಚೀಟಿ ತಂದ ಮಗು ಯಾವ ಹೊತ್ತಿನಲ್ಲಾದರೂ ಕೇಳದೆ ಎದ್ದು ಹೋಗಬಹುದು. ಬಟ್ಟೆ ಬದಲಿಸಲು ನೀರು ಮತ್ತು ಚಿಲಕ ಇರುವ ಒಂದು ಜಾಗ ಇರಬೇಕು. ಈ ಕಾರಣಕ್ಕೆ ದಾಖಲಾತಿ ನಿರಾಕರಿಸಿದ ಶಾಲೆಯ ಮೇಲೆ ಕ್ರಮ ಆಗಬೇಕು. ಮುಂದಿನ ದಾಖಲಾತಿ ಶುರುವಾಗುವ ಮೊದಲೇ ಆ ಸುತ್ತೋಲೆ ಪ್ರತಿ ಶಾಲೆಯ ನೋಟಿಸ್ ಬೋರ್ಡಿಗೆ ಬರಲಿ.