ದೇವರ ಫೋಟೊ ಮುಟ್ಟಿಸಿ ಪಡೆದ ಮಾತು

ಒಂಬತ್ತನೇ ತರಗತಿಯ ಸಮಾಜ ವಿಜ್ಞಾನ ಶಿಕ್ಷಕರು ರಜೆ ಹಾಕಿದ್ದರಿಂದ ಆ ಅವಧಿ ನನ್ನ ಪಾಲಿಗೆ ಬಂತು. ನನ್ನ ವಿಷಯ ಭೌತಶಾಸ್ತ್ರ ಮತ್ತು ಗಣಿತ. 2024ರ ಲೋಕಸಭಾ ಚುನಾವಣೆ ಆಗಷ್ಟೇ ಮುಗಿದಿತ್ತು, ಮತಯಂತ್ರದ ಬಗ್ಗೆ ಹೇಳಿದರಾಯಿತು ಅಂದುಕೊಂಡೆ. ವಿವಿಪ್ಯಾಟ್ ಚೀಟಿ 7 ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ, ಯಾರಿಗೆ ಹಾಕಿದಿರೆಂದು ಯಾರಿಗೂ ತಿಳಿಯದು ಎಂದೆ.

"ದೇವರಿಗೆ ಗೊತ್ತಾಗುತ್ತಲ್ಲ ಮಿಸ್?" ಎಂದಳು ಒಬ್ಬ ಹುಡುಗಿ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಗಂಟೆ ಹೊಡೆದ ಮೇಲೆ ಜಗಲಿಯಲ್ಲಿ ನಿಂತು ಹೇಳಿದಳು. ಮತದಾನದ ಹಿಂದಿನ ರಾತ್ರಿ ದುಡ್ಡು ಕೊಟ್ಟವರು ಅವಳ ತಾಯಿಯಿಂದ ದೇವರ ಫೋಟೊ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದರು. ತಾಯಿ ಮತ ಹಾಕಿದ್ದು ಬೇರೆಯವರಿಗೆ. ವಾರದೊಳಗೆ ಅಣ್ಣ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಅಂದಿನಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲವಂತೆ.

'ಮೂಢನಂಬಿಕೆ ಅಂತ ಹೇಳಿ ಮುಗಿಸು' ಎಂದರು ಸಹ ಪ್ರಶಿಕ್ಷಣಾರ್ಥಿಗಳು. ವಿಜ್ಞಾನದವರು ನಾವು, ಬಾಯಿಗೆ ಬರುವುದು ಅದೇ ಉತ್ತರ. ಆದರೆ ಅದು ಆ ತಾಯಿಗೆ ತಲುಪುವ ಉತ್ತರವಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಭಯವನ್ನು ನಮ್ಮ ಕಾನೂನು ಗಂಭೀರವಾಗಿಯೇ ತೆಗೆದುಕೊಂಡಿದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಂ ಓದಿ ನನಗೇ ಆಶ್ಚರ್ಯವಾಯಿತು. ಮತದಾರರಾಗಲಿ ಅವರಿಗೆ ಬೇಕಾದವರಾಗಲಿ ದೈವದ ಅವಕೃಪೆಗೆ ಗುರಿಯಾಗುತ್ತಾರೆಂದು ಅಭ್ಯರ್ಥಿಯ ಕಡೆಯವರು ನಂಬಿಸಿದರೆ ಅದು ಭ್ರಷ್ಟ ಆಚರಣೆ. 'ಅವರಿಗೆ ಬೇಕಾದವರು' ಎಂದರೆ ಆ ಅಣ್ಣನೂ ಬಂದ. ದೇವರನ್ನು ನಂಬುವುದು ತಪ್ಪೆಂದು ಈ ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ. ಆ ನಂಬಿಕೆಯನ್ನು ಹಿಡಿದು ಹೆದರಿಸುವುದು ತಪ್ಪು ಎನ್ನುತ್ತದೆ.

2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು, ಅಭ್ಯರ್ಥಿಯ ಧರ್ಮದ ಹೆಸರಿನಲ್ಲಷ್ಟೇ ಅಲ್ಲ, ಮತದಾರರ ಧರ್ಮದ ಹೆಸರಿನಲ್ಲೂ ಮತ ಕೇಳುವಂತಿಲ್ಲ ಎಂದು 4-3ರ ಬಹುಮತದಿಂದ ತೀರ್ಪು ಕೊಟ್ಟಿತು. ಹಾಗಾದರೆ ಮತಗಟ್ಟೆಗೆ ಹೋಗುವಾಗ ದೇವರನ್ನು ಮನೆಯಲ್ಲೇ ಬಿಟ್ಟು ಹೋಗಬೇಕು ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಆ ನಿರ್ಬಂಧ ಮತ ಕೇಳುವವರಿಗೆ. ಹಾಕುವವರು ಕೈಮುಗಿದೇ ಗುಂಡಿ ಒತ್ತಲಿ, ಯಾರು ಕೇಳುತ್ತಾರೆ? ಗೆದ್ದ ಸಂಸದರೂ ದೇವರ ಹೆಸರಿನಲ್ಲೋ ಸತ್ಯನಿಷ್ಠೆಯಿಂದಲೋ ಪ್ರಮಾಣ ಮಾಡಬಹುದು. ಸಂವಿಧಾನ ಎರಡಕ್ಕೂ ಜಾಗ ಕೊಟ್ಟಿದೆ.

ಕಷ್ಟವಾದದ್ದು ದುಡ್ಡಿನ ಮಾತು. ಮತಕ್ಕಾಗಿ ಹಣ ಕೊಡುವುದರಂತೆ ತೆಗೆದುಕೊಳ್ಳುವುದೂ ಅಪರಾಧ. ಅದನ್ನು ಆ ಹುಡುಗಿಗೆ ಹೇಗೆ ಹೇಳುವುದು? ಯಾವ ಪಾಠಯೋಜನೆಯಲ್ಲೂ ಅದಕ್ಕೊಂದು ಕಾಲಂ ಇಲ್ಲ.

ಮರುದಿನ ಅವಳನ್ನು ಕರೆದು ಹೇಳಿದೆ: "ದೇವರನ್ನು ವ್ಯಾಪಾರಕ್ಕೆ ಎಳೆದವರು ದುಡ್ಡು ತಂದವರು. ಹೆದರಿಸಿ ಮಾಡಿಸಿದ ಆಣೆಗಿಂತ, ಮನಸ್ಸಿಗೆ ಸರಿ ಕಂಡವರಿಗೆ ಮತ ಹಾಕಿದ್ದೇ ದೇವರಿಗೆ ಹತ್ತಿರ ಅಂತ ಅಮ್ಮನಿಗೆ ಹೇಳಮ್ಮ."

"ದುಡ್ಡು ಇಸ್ಕೊಂಡಿದ್ದು ಮಿಸ್?"

"ಅದು ತಪ್ಪೇ."

"ಅಮ್ಮಾನೂ ಹಂಗೇ ಅಂತಾರೆ. ಅದನ್ನ ಇನ್ನೂ ಮುಟ್ಟಿಲ್ಲ, ಫೋಟೊ ಹಿಂದೇನೇ ಇಟ್ಟಿದ್ದಾರೆ."