ಹುಲ್ಲುಹಾಸಿನ ಮೊಲವೂ ಬೇಲಿಯ ಮೇರೆಯೂ

ಇಂಗ್ಲೆಂಡಿನಲ್ಲಿ ಮನೆಯ ಮುಂದಣ ಹುಲ್ಲುಹಾಸು ಮನೆಯವರ ಹೆಮ್ಮೆಯ ವಸ್ತು. ಬೆಳಗಾಗುವಷ್ಟರಲ್ಲಿ ಅದರ ಮೇಲೆ ಸಣ್ಣ ಸಣ್ಣ ಗುಳಿಗಳೂ ಹಳದಿಯ ಕಲೆಗಳೂ ಮೂಡಿದ್ದರೆ ಕೋಪ ಬರುವುದು ಸಹಜವೇ. ಅಪರಾಧಿ ಕಾಡುಮೊಲ. ಅದನ್ನು ತಡೆಯುವುದೆಂತು ಎಂಬ ಪ್ರಶ್ನೆ ಅಲ್ಪವಾಗಿ ತೋರಬಹುದು. ಆದರೆ ಒಂದು ಉಪಾಯದ ಗುಣದೋಷಗಳನ್ನು ತೂಗುವ ಬಗೆಯನ್ನು ಅದರಿಂದ ಕಲಿಯಬಹುದು.

ಮೊದಲು ಪ್ರಾಣಿಯನ್ನು ಅರಿಯೋಣ. ನಮ್ಮ ಬಯಲುಗಳಲ್ಲಿ ಕಾಣುವ ಮೊಲವು ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲಿ ಅಡಗಿರುತ್ತದೆ. ಯುರೋಪಿನ ಕಾಡುಮೊಲ ಬೇರೆಯ ಜಾತಿ. ಅದು ಬಿಲ ತೋಡಿ ಗುಂಪುಗೂಡಿ ಬಾಳುತ್ತದೆ. ಹುಲ್ಲು ಬುಡದಿಂದ ಬೆಳೆಯುವ ಸಸ್ಯವಾದುದರಿಂದ ತುದಿಯನ್ನು ಮೇಯ್ದರೆ ಮತ್ತೆ ಚಿಗುರುತ್ತದೆ. ಹುಲ್ಲುಹಾಸನ್ನು ನಿಜವಾಗಿ ಕೆಡಿಸುವುದು ಮೊಲದ ಕೆರೆತ ಮತ್ತು ಹುಲ್ಲನ್ನು ಸುಡುವ ಅದರ ಮೂತ್ರ.

ಇದಕ್ಕೆ ಅಂಗಡಿಗಳಲ್ಲಿ ಹಲವು ಮದ್ದುಗಳಿವೆ. ಕೆಟ್ಟ ವಾಸನೆಯ ದ್ರವಗಳು ಮಳೆಗೆ ತೊಳೆದುಹೋಗುತ್ತವೆ. ಮನುಷ್ಯನ ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯನ್ನು ಹೊರಡಿಸುವ ಯಂತ್ರಗಳೂ ಉಂಟು. ಆದರೆ ಕಂಪನಸಂಖ್ಯೆ ಹೆಚ್ಚಿದಷ್ಟೂ ಗಾಳಿಯು ಧ್ವನಿಯನ್ನು ಬೇಗ ಹೀರಿಕೊಳ್ಳುತ್ತದೆ. ಗಿಡಗಂಟಿಗಳು ಅದನ್ನು ಮರೆಮಾಡುತ್ತವೆ. ಕೇಳಿಸಿದರೂ, ತೊಂದರೆಯಿಲ್ಲದ ಸದ್ದಿಗೆ ಪ್ರಾಣಿ ಕೆಲವು ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಾದುದು ತಂತಿಬಲೆಯ ಬೇಲಿ. ಬಲೆಯ ಕಣ್ಣುಗಳು ಸುಮಾರು 3 ಸೆಂಟಿಮೀಟರನ್ನು ಮೀರಬಾರದು. ಮೀರಿದರೆ ಮರಿಗಳು ನುಸುಳುತ್ತವೆ. ನೆಲದಿಂದ ಮೇಲೆ 75ರಿಂದ 90 ಸೆಂಟಿಮೀಟರು ಎತ್ತರವಿರಬೇಕು. ಕೆಳಗಿನ 15 ಸೆಂಟಿಮೀಟರನ್ನು ಹೊರಮುಖವಾಗಿ ಮಡಿಸಿ ಮಣ್ಣಿನಲ್ಲಿ ಹೂಳಬೇಕು. ಮೊಲವು ಬೇಲಿಯ ಬುಡದಲ್ಲಿಯೇ ತೋಡಲಾರಂಭಿಸುತ್ತದೆ; ಅಲ್ಲಿ ತಂತಿ ಅಡ್ಡ ಬಂದರೆ, ಒಂದೆರಡು ಅಡಿ ಹಿಂದೆ ಸರಿದು ತೋಡುವ ಯೋಚನೆ ಸಾಮಾನ್ಯವಾಗಿ ಅದಕ್ಕೆ ಹೊಳೆಯುವುದಿಲ್ಲ.

ಬೇಲಿಗೆ ಖರ್ಚಿದೆ, ಶ್ರಮವಿದೆ, ಅದು ಅಂದವಾಗಿಯೂ ಕಾಣುವುದಿಲ್ಲ. "ಮೊಲವನ್ನೇ ಇಲ್ಲವಾಗಿಸಿದರೆ ಬೇಲಿಯ ಗೊಡವೆಯೇ ಇಲ್ಲವಲ್ಲ?" ಎಂದು ಕೇಳುವವರುಂಟು. ಅವರಿಗೆ ಇತಿಹಾಸವೇ ಉತ್ತರ ಕೊಟ್ಟಿದೆ.

ಫ್ರಾನ್ಸಿನ ವೈದ್ಯ ಪಾಲ್ ಅರ್ಮಾನ್-ದೆಲೀಲ್ ಎಂಬುವರು 1952ರಲ್ಲಿ, ಮಾಯ್‌ಬ್ವಾದಲ್ಲಿದ್ದ ತಮ್ಮ ಎಸ್ಟೇಟಿನ ಮೊಲಗಳನ್ನು ತೊಲಗಿಸಲು, ಎರಡು ಮೊಲಗಳಿಗೆ ಮಿಕ್ಸೊಮಾ ವೈರಸ್ಸನ್ನು ಚುಚ್ಚಿ ಬಿಟ್ಟರು. ಎಸ್ಟೇಟಿನ ಸುತ್ತಲೂ ಗೋಡೆಯಿದ್ದುದರಿಂದ ರೋಗ ಹೊರಗೆ ಹೋಗದೆಂದು ಅವರು ನಂಬಿದ್ದರು. ಆದರೆ ಸೊಳ್ಳೆಗೂ ಚಿಗಟಕ್ಕೂ ಗೋಡೆಯ ಹಂಗೇನು? ರೋಗವು ಪಶ್ಚಿಮ ಯುರೋಪಿನಲ್ಲೆಲ್ಲ ಹರಡಿತು. 1953ರಲ್ಲಿ ಬ್ರಿಟನ್ನಿನಲ್ಲಿಯೂ ಕಾಣಿಸಿಕೊಂಡಿತು. ಅಲ್ಲಿ ಕೆಲವೇ ವರ್ಷಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಾಡುಮೊಲಗಳು ಕಣ್ಣು ಬಾತು, ನರಳಿ ಸತ್ತವು.

ಬೆಳೆಯನ್ನು ಕಳೆದುಕೊಳ್ಳುತ್ತಿದ್ದ ರೈತರಿಗೆ ಇದು ಹರ್ಷವನ್ನೇ ತಂದಿತು. ಅವರ ಕಷ್ಟವನ್ನು ಕಡೆಗಣಿಸುವಂತಿಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೊಲಗಳು ಮೇಯದೆ ಬಿಟ್ಟ ಇಳಿಜಾರುಗಳಲ್ಲಿ ಹುಲ್ಲು ಎತ್ತರವಾಗಿ ಬೆಳೆದು, ನೆಲಕ್ಕೆ ಬಿಸಿಲು ತಾಗದಂತಾಯಿತು. ಬೆಚ್ಚನೆಯ ನೆಲವನ್ನು ಬಯಸುವ ಒಂದು ಬಗೆಯ ಕೆಂಪಿರುವೆ ಕ್ಷೀಣಿಸಿತು. ಆ ಇರುವೆಯ ಗೂಡಿನಲ್ಲಿ ಬೆಳೆಯುವ 'ಲಾರ್ಜ್ ಬ್ಲೂ' ಎಂಬ ನೀಲಿ ಚಿಟ್ಟೆ, ಮೊದಲೇ ವಿರಳವಾಗಿದ್ದುದು, 1979ರಲ್ಲಿ ಬ್ರಿಟನ್ನಿನಿಂದ ಕಣ್ಮರೆಯಾಯಿತು. 1980ರ ದಶಕದಲ್ಲಿ ಅದನ್ನು ಸ್ವೀಡನ್ನಿನಿಂದ ತಂದು ಮತ್ತೆ ನೆಲೆಗೊಳಿಸಬೇಕಾಯಿತು. ಸ್ಪೇನಿನಲ್ಲಿ ಮೊಲವನ್ನೇ ಮುಖ್ಯ ಆಹಾರವಾಗಿ ನಂಬಿದ್ದ ಐಬೀರಿಯದ ಲಿಂಕ್ಸ್ ಎಂಬ ಕಾಡುಬೆಕ್ಕಿಗೂ ಪೆಟ್ಟು ಬಿದ್ದಿತು. ಇತ್ತ, ಬದುಕುಳಿದ ಮೊಲಗಳ ಸಂತತಿ ರೋಗಕ್ಕೆ ಕ್ರಮೇಣ ನಿರೋಧಶಕ್ತಿಯನ್ನು ಪಡೆಯಿತು.

ಆದುದರಿಂದ ವಿದ್ಯಾರ್ಥಿಗಳು ಯಾವ ಉಪಾಯವನ್ನು ಕುರಿತೇ ಆಗಲಿ, "ಇದು ಫಲಕಾರಿಯೇ?" ಎಂದಷ್ಟೇ ಕೇಳಿ ಸುಮ್ಮನಾಗಬಾರದು. "ಇದು ಎಲ್ಲಿ ನಿಲ್ಲುತ್ತದೆ? ತಪ್ಪಾದರೆ ಹಿಂದಕ್ಕೆ ತೆಗೆದುಕೊಳ್ಳಬಹುದೇ?" ಎಂದೂ ಕೇಳಬೇಕು. ಬೇಲಿಯು ಹಾಕಿದ ಕಡೆಯೇ ನಿಲ್ಲುತ್ತದೆ. ಬೇಡವೆನಿಸಿದ ದಿನ ಅದನ್ನು ಕಿತ್ತು ಸುತ್ತಿಡಬಹುದು. ವೈರಸ್ಸನ್ನು ಹಾಗೆ ಸುತ್ತಿಡಲು ಬಾರದು. ಹಾನಿ ಒಂದು ಅಂಗಳದ್ದಾದರೆ ಪರಿಹಾರವೂ ಆ ಅಂಗಳದ ಮೇರೆಯನ್ನು ದಾಟದಿರುವುದೇ ವಿವೇಕ.