ಕರೆಯ ಆ ತುದಿಯಲ್ಲಿ ಯಾರಿದ್ದಾರೆ?

ಮಧುಗಿರಿಯಿಂದ ಶಿರಾ ಕಡೆಗೆ ಸಾಗುವ ದಾರಿಯಲ್ಲಿ ಬಡವನಹಳ್ಳಿ ಸಿಗುತ್ತದೆ. ನಮ್ಮ ಬೆಂಗಳೂರು ಮಹಾಧರ್ಮಪ್ರಾಂತ್ಯದ ವ್ಯಾಪ್ತಿಗೇ ಸೇರಿದ ತುಮಕೂರು ಜಿಲ್ಲೆಯ ಊರು ಅದು. ಅಲ್ಲಿ ನಡುರಾತ್ರಿ ರೈತನೊಬ್ಬನಿಗೆ ಎದೆನೋವು ಕಾಣಿಸಿಕೊಂಡಿತೆನ್ನಿ. ಮನೆಯವರು ಮೊದಲು ಕೈಗೆತ್ತಿಕೊಳ್ಳುವುದು ಮೊಬೈಲ್ ಫೋನನ್ನು. ಹೃದಯತಜ್ಞ ಕಾಲಿಡದ ಹಳ್ಳಿಗೂ ಫೋನು ಬಂದಾಗಿದೆ. ಆದರೆ ಆ ಕರೆಯ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ? ಜಗತ್ತಿನಾದ್ಯಂತ ಬೆಳೆಯುತ್ತಿರುವ ‘ಮೊಬೈಲ್ ಆರೋಗ್ಯ’ ತಂತ್ರಜ್ಞಾನದ ಸಾಫಲ್ಯ ವೈಫಲ್ಯಗಳೆಲ್ಲ ಈ ಒಂದು ಪ್ರಶ್ನೆಯ ಉತ್ತರವನ್ನು ಅವಲಂಬಿಸಿವೆ.

ಬೆಳವಣಿಗೆಯ ವೇಗ ಬೆರಗು ಹುಟ್ಟಿಸುವಂಥದು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಮೀಕ್ಷೆಗೆ ಉತ್ತರಿಸಿದ ದೇಶಗಳ ಪೈಕಿ ಶೇ. 83ರಷ್ಟರಲ್ಲಿ ಇಂಥ ಒಂದಾದರೂ ಯೋಜನೆ ಆಗಲೇ ನಡೆಯುತ್ತಿತ್ತು. ನಮ್ಮ ರಾಜ್ಯವೂ ಹಿಂದೆ ಬಿದ್ದಿರಲಿಲ್ಲ. ಈ ಶತಮಾನದ ಆರಂಭದಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ಹೃದಯತಜ್ಞರೊಡನೆ ಜೋಡಿಸಿತ್ತು. 2008ರ ನವೆಂಬರಿನಲ್ಲಿ 108 ಆಂಬುಲೆನ್ಸ್ ಸೇವೆಯೂ, 2013ರಲ್ಲಿ 104 ಆರೋಗ್ಯವಾಣಿಯೂ ಬಂದವು. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲಿನಲ್ಲಿ, ರೋಗಿ ಮನೆಯಿಂದಲೇ ವೈದ್ಯರನ್ನು ಕಾಣಬಲ್ಲ ‘ಇ-ಸಂಜೀವಿನಿ’ ಹೊರರೋಗಿ ಸೇವೆ ತೆರೆಯಿತು. 2023ರ ಫೆಬ್ರವರಿಯ ವೇಳೆಗೆ ಇ-ಸಂಜೀವಿನಿಯ ಮೂಲಕ ದೇಶದಲ್ಲಿ ನಡೆದ ಸಮಾಲೋಚನೆಗಳು 10 ಕೋಟಿ ದಾಟಿದವು.

ಅಂಕಿಸಂಖ್ಯೆಗಳು ದೊಡ್ಡವೇ. ಆದರೆ ರೋಗಿ ಗುಣಮುಖನಾದನೇ ಎಂಬುದು ಬೇರೆಯೇ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಿದ ಎರಡು ಅಧ್ಯಯನಗಳನ್ನು ಜೊತೆಗಿಟ್ಟು ನೋಡುವುದು ಉಚಿತ. ಮೊದಲನೆಯದು ಆಫ್ರಿಕದ ಕೆನ್ಯಾದ್ದು. ಎಚ್.ಐ.ವಿ. ಔಷಧಿಯನ್ನು ದಿನವೂ ತಪ್ಪದೆ ನುಂಗಬೇಕು. ತಪ್ಪಿದರೆ ವೈರಾಣು ಮತ್ತೆ ತಲೆಯೆತ್ತುತ್ತದೆ. ಅಲ್ಲಿನ ಮೂರು ಚಿಕಿತ್ಸಾಲಯಗಳ 538 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ವಾರಕ್ಕೊಂದು ಸಂದೇಶ ಹೋಗುತ್ತಿತ್ತು. ಅದರಲ್ಲಿ ಔಷಧಿಯ ಮಾತೇ ಇರಲಿಲ್ಲ, ‘ಹೇಗಿದ್ದೀರಿ?’ ಎಂಬ ಕ್ಷೇಮ ವಿಚಾರಣೆಯಷ್ಟೇ. ‘ಚೆನ್ನಾಗಿದ್ದೇನೆ’ ಅಥವಾ ‘ತೊಂದರೆಯಿದೆ’ ಎಂದು ರೋಗಿ 48 ತಾಸಿನೊಳಗೆ ಮರುತ್ತರಿಸಬೇಕು. ತೊಂದರೆಯೆಂದವರಿಗೂ ಉತ್ತರಿಸದವರಿಗೂ ಚಿಕಿತ್ಸಾಲಯದ ಆರೋಗ್ಯ ಸಿಬ್ಬಂದಿಯೇ ಕರೆ ಮಾಡುತ್ತಿದ್ದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವೈರಾಣು ಹತೋಟಿಗೆ ಬಂದವರ ಪ್ರಮಾಣ ಸಂದೇಶ ಪಡೆದವರಲ್ಲಿ ಶೇ. 57, ಪಡೆಯದವರಲ್ಲಿ ಶೇ. 48.

ಎರಡನೆಯದು ನಮ್ಮದೇ. 1963ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ಸ್ಥಾಪಿಸಿದ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು, ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರೇ ಮೊದಲಾದವರೊಡಗೂಡಿ, ದಕ್ಷಿಣ ಭಾರತದ ಮೂರು ಚಿಕಿತ್ಸಾ ಕೇಂದ್ರಗಳ 631 ರೋಗಿಗಳನ್ನು 96 ವಾರಗಳ ಕಾಲ ಗಮನಿಸಿದರು. ಓದು ಬಾರದವರಿಗೂ ತಿಳಿಯಲೆಂದು, ವಾರಕ್ಕೊಮ್ಮೆ ಯಂತ್ರವೇ ಮಾತನಾಡುವ ಕರೆಯನ್ನೂ ಚಿತ್ರ ಸಂದೇಶವನ್ನೂ ಅರ್ಧದಷ್ಟು ರೋಗಿಗಳಿಗೆ ಕಳುಹಿಸಲಾಯಿತು. 2014ರಲ್ಲಿ ಹೊರಬಂದ ಫಲಿತಾಂಶ ನಿರಾಶಾದಾಯಕ: ಚಿಕಿತ್ಸೆ ವಿಫಲವಾಗುವುದನ್ನು ತಡೆಯುವಲ್ಲಿ ಆ ಕರೆಗಳಿಂದ ಗಣನೀಯ ವ್ಯತ್ಯಾಸವೇನೂ ಆಗಲಿಲ್ಲ.

ತಮ್ಮ ನಿರೀಕ್ಷೆ ಹುಸಿಯಾದದ್ದನ್ನು ಮುಚ್ಚಿಡದೆ ಲೋಕದ ಮುಂದಿಟ್ಟ ಆ ಸಂಶೋಧಕರ ಪ್ರಾಮಾಣಿಕತೆ ಸ್ತುತ್ಯರ್ಹ. ದೇಶ ಬೇರೆ, ಚಿಕಿತ್ಸಾಲಯ ಬೇರೆ. ಆದುದರಿಂದ ಎರಡು ಫಲಿತಾಂಶಗಳ ಅಂತರಕ್ಕೆ ಒಂದೇ ಕಾರಣವನ್ನು ಆರೋಪಿಸುವುದು ಸರಿಯಲ್ಲ. ಆದರೂ ಒಂದು ಸಂಗತಿ ಕಣ್ಣಿಗೆ ಬೀಳದಿರದು. ಅಲ್ಲಿ ಸಂದೇಶದ ಹಿಂದೆ ಮನುಷ್ಯರು ಕಾದಿದ್ದರು; ಇಲ್ಲಿ ಕರೆಯುತ್ತಿದ್ದುದು ಯಂತ್ರ. ರೋಗಿ ಗುಳಿಗೆ ಬಿಡುವುದು ಬರೇ ಮರೆವಿನಿಂದಲ್ಲ. ಬಸ್ ಚಾರ್ಜಿಗೆ ಹಣವಿಲ್ಲದಿರಬಹುದು, ನೆರೆಹೊರೆಗೆ ತಿಳಿದೀತೆಂಬ ಅಂಜಿಕೆಯಿರಬಹುದು, ಬದುಕೇ ಬೇಸರವಾಗಿರಬಹುದು. ನೆನಪಿಸುವುದನ್ನು ಯಂತ್ರ ಮಾಡೀತು; ಸಂತೈಸುವುದನ್ನು ಮಾಡಲಾರದು.

ತಂತ್ರಜ್ಞಾನದ ಎರಡೂ ತುದಿಗಳಲ್ಲಿ ಮನುಷ್ಯರಿದ್ದರೆ ಏನಾಗಬಲ್ಲುದು ಎಂಬುದಕ್ಕೆ ಕರಾವಳಿಯಲ್ಲಿ ನಿದರ್ಶನವಿದೆ. ಮಂಗಳೂರಿನ ಹೃದಯತಜ್ಞ ಡಾ. ಪದ್ಮನಾಭ ಕಾಮತರು 2018ರಿಂದ ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ಅಲ್ಲಿನ ವೈದ್ಯರನ್ನೂ ನಗರದ ತಜ್ಞರನ್ನೂ ವಾಟ್ಸ್‌ಆ್ಯಪ್ ಬಳಗದಲ್ಲಿ ಒಗ್ಗೂಡಿಸಿದರು. ಹಳ್ಳಿಯ ವೈದ್ಯರು ಕಳುಹಿಸಿದ ಇ.ಸಿ.ಜಿ. ಚಿತ್ರವನ್ನು ನೋಡಿ ತಜ್ಞರು ಕೂಡಲೇ ಸಲಹೆ ನೀಡುತ್ತಾರೆ. 2023ರಲ್ಲಿ ರಾಜ್ಯ ಸರಕಾರ ಪ್ರಕಟಿಸಿದ, ನಟ ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯೂ ಇದೇ ಜಾಡಿನದು. ಆಯ್ದ ತಾಲೂಕು ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ. ಜಯದೇವದಂಥ ಕೇಂದ್ರಕ್ಕೆ ತಲಪುತ್ತದೆ. ಹೃದಯಾಘಾತವೆಂದು ಖಚಿತವಾದರೆ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ಚಿತ್ರವನ್ನು ಒಯ್ಯುವುದು ತಂತ್ರಜ್ಞಾನ. ಜೀವ ಉಳಿಸುವುದು ಆಸ್ಪತ್ರೆಯಲ್ಲಿರುವ ಔಷಧಿಯೂ ಅದನ್ನು ಕೊಡಬಲ್ಲ ಕೈಗಳೂ.

ಎದುರಿಗಿರುವ ಸವಾಲುಗಳು ಸಣ್ಣವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ದೇಶದಲ್ಲಿ ಶೇ. 54 ಮಾತ್ರ. ಗರ್ಭಿಣಿಗೆಂದು ಕಳುಹಿಸಿದ ಸಂದೇಶ ಗಂಡನ ಜೇಬಿನಲ್ಲೇ ಉಳಿದರೆ ಪ್ರಯೋಜನವೇನು? ಮನೆಮನೆಗೆ ನಡೆದು ಹೋಗುವ ಆಶಾ ಕಾರ್ಯಕರ್ತೆಯರ ಪಾಡೂ ಚಿಂತನಾರ್ಹ. 2025ರ ಜನವರಿಯಲ್ಲಿ ಅವರು ಬೆಂಗಳೂರಿನಲ್ಲಿ ಧರಣಿ ಕುಳಿತಾಗ, ಗೌರವಧನದ ಬೇಡಿಕೆಯ ಜೊತೆಗೆ, ಪೋರ್ಟಲ್ಲಿನಲ್ಲಿ ದಾಖಲಾಗದ ಕಾರಣ ದುಡಿದ ಪ್ರೋತ್ಸಾಹಧನವೂ ಕೈತಪ್ಪುತ್ತಿದೆಯೆಂಬ ದೂರೂ ಇತ್ತು. ನೆರವಿಗೆಂದು ಬಂದ ಸಾಧನವೇ ಹೊರೆಯಾಗುವ ಬಗೆ ಇದು. ಇನ್ನು ಗೋಪ್ಯತೆಯ ವಿಷಯ. ವಾಟ್ಸ್‌ಆ್ಯಪಿನಲ್ಲಿ ಕೈಯಿಂದ ಕೈಗೆ ಹೋಗುವ ವೈದ್ಯಕೀಯ ವರದಿ ಯಾರ ಕಣ್ಣಿಗೆ ಬೀಳುವುದೋ ಹೇಳಬಲ್ಲವರಿಲ್ಲ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾನೂನು ಮಾಡಿದೆ. ಆದರೆ ಕಾನೂನಿನಷ್ಟೇ ನಮ್ಮ ಎಚ್ಚರವೂ ಮುಖ್ಯ. ಮೊಬೈಲ್ ಮೊದಲಾದ ಸಾಧನಗಳು ಸುಸಜ್ಜಿತ ಆರೋಗ್ಯ ವ್ಯವಸ್ಥೆಗೆ ಬದಲಿಯಾಗಲಾರವೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಸ್ಪಷ್ಟಪಡಿಸಿದೆ.

ಹಾಗಾದರೆ ನಮ್ಮ ಕುಟುಂಬಗಳು ಮಾಡಬಹುದಾದುದೇನು? ಎದೆನೋವನ್ನು ‘ಗ್ಯಾಸ್ಟ್ರಿಕ್’ ಎಂದು ತಳ್ಳಿಹಾಕದೆ 108ಕ್ಕೆ ಕರೆ ಮಾಡುವುದು, ಇ.ಸಿ.ಜಿ.ಯಾಗಲಿ ಹೃದಯಾಘಾತದ ಚುಚ್ಚುಮದ್ದಾಗಲಿ ಹತ್ತಿರದ ಯಾವ ಆಸ್ಪತ್ರೆಯಲ್ಲಿ ದೊರೆಯುವುದೆಂದು ಮುಂಚೆಯೇ ವಿಚಾರಿಸಿಟ್ಟುಕೊಳ್ಳುವುದು. ಮನೆಯ ಹೆಣ್ಣುಮಕ್ಕಳ ಕೈಗೂ ಫೋನು ಕೊಟ್ಟು ಅದರ ಬಳಕೆಯನ್ನು ಕಲಿಸುವುದು. ಪರರ ವರದಿಗಳನ್ನು ಬಳಗಗಳಲ್ಲಿ ಹಂಚದಿರುವುದು. ಧರ್ಮಕೇಂದ್ರದ ಯುವಜನರು ಒಂಟಿಯಾಗಿರುವ ಹಿರಿಯರಿಗೆ ವಾರಕ್ಕೊಮ್ಮೆ ಕರೆ ಮಾಡಿ ‘ಹೇಗಿದ್ದೀರಿ?’ ಎಂದು ಕೇಳಿದರೆ, ತೊಂದರೆಯೆಂದವರ ಮನೆಗೆ ಹೋಗಿ ಬಂದರೆ, ಕೆನ್ಯಾದ ಪಾಠವನ್ನು ನಾವೂ ಕಲಿತಂತಾಯಿತು.

ರೋಗಿಯನ್ನು ಕಾಣಹೋಗುವುದು ಕರುಣೆಯ ಕಾರ್ಯಗಳಲ್ಲೊಂದೆಂದು ಚಿಕ್ಕಂದಿನಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಕಲಿತವರು ನಾವು. ಫೋನು ಆ ದಾರಿಯನ್ನು ಹತ್ತಿರ ಮಾಡಿದೆ. ನಡೆಯಬೇಕಾದವರು ಮಾತ್ರ ನಾವೇ.